ನಮ್ಮ ಮನೆಯನ್ನು ಕಡಲಿಗೆ ಹಾಕಿದ ಮಾಡೆಲ್: ತೌಕ್ತೆಯನ್ನು ಮನೆ ಕಂಪ್ಯೂಟರಿನಲ್ಲಿ ಮತ್ತೆ ಎಬ್ಬಿಸಿದ ಕಥೆ

2021ರ ಮೇ 15. ರಾಜ್ಯದಲ್ಲಿ ಲಾಕ್‌ಡೌನ್. ನಾನು ಬೆಂಗಳೂರಿನ ಬಾಡಿಗೆ ಮನೆಯಲ್ಲಿ, ಅಮ್ಮ ಮತ್ತು ಮಾವ ಮರವಂತೆಯಲ್ಲಿ. ಸಂಜೆ ಫೋನ್ ಮಾಡಿದರೆ ಅಮ್ಮನ ಮಾತಿಗಿಂತ ಕಡಲಿನ ಸದ್ದೇ ಜೋರಾಗಿ ಕೇಳುತ್ತಿತ್ತು. ತೆರೆ ಕಲ್ಲು ದಾಟಿ ತೆಂಗಿನ ಬುಡಕ್ಕೆ ಬಂದಿದೆ ಅಂದರು. ಆಮೇಲೆ ಕರೆಂಟ್ ಹೋಯಿತು, ಫೋನೂ ಹೋಯಿತು.

ವಿಚಿತ್ರ ಅಂದರೆ, ಆ ಹೊತ್ತಿಗೆ ತೌಕ್ತೆ ಚಂಡಮಾರುತದ ಕೇಂದ್ರ ನಮ್ಮೂರಿಂದ ಇನ್ನೂರು ಕಿಲೋಮೀಟರ್ ಆಚೆ, ಕಡಲ ನಡುವೆ ಇತ್ತು. ಅದು ನೆಲ ಮುಟ್ಟಿದ್ದು ಎರಡು ದಿನ ಬಿಟ್ಟು, ದೂರದ ಗುಜರಾತಿನಲ್ಲಿ. ಆದರೂ ಮೇ 16ರ ಬೆಳಿಗ್ಗೆಗೆ ಮುಗಿದ 24 ಗಂಟೆಯಲ್ಲಿ ನಮ್ಮ ಪಕ್ಕದ ನಾಡ ಎಂಬ ಊರಿನ ಮಳೆಮಾಪಕದಲ್ಲಿ 385 ಮಿ.ಮೀ. ದಾಖಲಾಯಿತು. ಮರವಂತೆಯಿಂದ ಒಳಗೆ ಕೆಲವೇ ಕಿಲೋಮೀಟರ್ ದೂರದ ಊರು ಅದು. ಆಷಾಢದ ಮಳೆ ನೋಡಿ ಬೆಳೆದವರಿಗೂ ಒಂದೇ ದಿನಕ್ಕೆ ಇಷ್ಟು ಜಾಸ್ತಿಯೇ.

ಆ ಮಳೆ ನನ್ನ ಕಂಪ್ಯೂಟರಿನಲ್ಲಿ ಬರುತ್ತದಾ ಅಂತ ನೋಡುವ ಆಸೆ ಅಂದಿನಿಂದಲೂ ಇತ್ತು. ಕೊನೆಗೂ ಕೈ ಹಾಕಿದೆ. ಮಾವನಿಗೆ ಹೇಳಿದರೆ ಅವರು ನಕ್ಕರು. "ಮಳಿ ಬಂದ್ ಹೋಯ್ ಎಷ್ಟ್ ಕಾಲ ಆಯ್ತ್ ಮಾರಾಯ. ಈಗ ಎಂತಕ್ ಕಾಂಬುದ್ ಅದನ್?"

ಪ್ರಶ್ನೆ ಸರಿಯೇ. ಆದರೆ ಆಗಿ ಹೋದದ್ದನ್ನು ಮಾಡುವುದರಲ್ಲಿ ಒಂದು ಅನುಕೂಲ ಇದೆ. ಉತ್ತರ ಮೊದಲೇ ಗೊತ್ತಿರುತ್ತದೆ, ನಾನು ಎಲ್ಲಿ ತಪ್ಪಿದೆ ಅಂತ ತಿಳಿಯುತ್ತದೆ.

ದಿನ 1ರಿಂದ 3: ಕಟ್ಟುವ ಕೆಲಸ

ಯಂತ್ರ: ಎಂಟು ಕೋರಿನ ಹಳೆಯ ಡೆಸ್ಕ್‌ಟಾಪ್, 32 ಜಿಬಿ ರ‍್ಯಾಮ್, ಒಂದು ಟಿಬಿ ಎಸ್‌ಎಸ್‌ಡಿ, ಲಿನಕ್ಸ್. ತಂತ್ರಾಂಶ: ವರ್ಫ್ (WRF). ಹವಾಮಾನ ಸಂಶೋಧಕರು ಜಗತ್ತಿನ ಎಲ್ಲೆಡೆ ಬಳಸುವ ಮಾಡೆಲ್ ಇದು, ಅಂದರೆ ಗಾಳಿ, ಬಿಸಿ, ತೇವ ಹೇಗೆ ಬದಲಾಗುತ್ತಾ ಹೋಗುತ್ತದೆ ಅಂತ ಲೆಕ್ಕ ಹಾಕುವ ಪ್ರೋಗ್ರಾಂ. ಅಮೆರಿಕದ ಸಂಶೋಧನಾ ಸಂಸ್ಥೆಗಳು ಸೇರಿ ಬೆಳೆಸಿದ್ದು. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಬಹುಪಾಲು ಫೋರ್ಟ್ರಾನ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು.

ಉಚಿತ ಅಂದರೆ ಸುಲಭ ಅಲ್ಲ. ಮೂರು ದಿನ ಬರೀ ಕಂಪೈಲ್ ಮಾಡುವುದರಲ್ಲಿ, ಅಂದರೆ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತರುವುದರಲ್ಲಿ ಹೋಯಿತು. ನೀವೂ ಮಾಡುವುದಿದ್ದರೆ ನನ್ನ ತಲೆ ತಿಂದ ಮೂರು ಸಂಗತಿಗಳು ಇವು. ಒಂದು, ಜಿಫೋರ್ಟ್ರಾನ್ ಎಂಬ ಕಂಪೈಲರಿನ 10 ಮತ್ತು ನಂತರದ ಆವೃತ್ತಿಗಳು ಹಳೆಯ ಫೋರ್ಟ್ರಾನ್ ಕೋಡಿನ ಸಡಿಲುತನವನ್ನು ಸಹಿಸುವುದಿಲ್ಲ. 'ಅಲೋ ಆರ್ಗ್ಯುಮೆಂಟ್ ಮಿಸ್‌ಮ್ಯಾಚ್' ಎಂಬ ಫ್ಲ್ಯಾಗ್ ಕೊಟ್ಟರೆ ಸುಮ್ಮನಾಗುತ್ತವೆ. ಎರಡು, ದತ್ತಾಂಶದ ಕಡತ ಓದಿ ಬರೆಯುವ ನೆಟ್‌ಸಿಡಿಎಫ್ ಲೈಬ್ರರಿಯ ಸಿ ಭಾಗ ಮತ್ತು ಫೋರ್ಟ್ರಾನ್ ಭಾಗ ಎರಡೂ ಒಂದೇ ಫೋಲ್ಡರಿನ ಕೆಳಗೆ ಇರಬೇಕು ಅಂತ ವರ್ಫ್ ನಂಬುತ್ತದೆ. ನನ್ನ ಲಿನಕ್ಸ್‌ನಲ್ಲಿ ಅವು ಬೇರೆ ಬೇರೆ ಕಡೆ ಇದ್ದವು. ಲಿಂಕ್ ಹಾಕಿ ಒಂದೇ ಚಾವಡಿಗೆ ತಂದು ಕೂರಿಸಿದೆ. ಮೂರು, ಹವಾಮಾನ ದತ್ತಾಂಶ ತುಂಬಿ ಬರುವ ಗ್ರಿಬ್ ಕಡತಗಳನ್ನು ಬಿಚ್ಚಲು ಜ್ಯಾಸ್ಪರ್ ಎಂಬ ಲೈಬ್ರರಿ ಬೇಕು, ಅದೂ ಹಳೆಯ ಆವೃತ್ತಿ. ಅದನ್ನು ಮೂಲದಿಂದಲೇ ಕಟ್ಟಿಕೊಂಡೆ.

ಮೂರನೇ ದಿನ ರಾತ್ರಿ ವರ್ಫ್ ಕಟ್ಟಿ ಮುಗಿಯಿತು. ಚಹಾ ಮಾಡಿ ಕುಡಿದೆ. ಇನ್ನೂ ಒಂದು ಹನಿ ಮಳೆ ಬಿದ್ದಿರಲಿಲ್ಲ.

ದಿನ 4: ನಕ್ಷೆಯ ಮೇಲೆ ಚೌಕ

ಮಾಡೆಲ್ ಗಾಳಿಯನ್ನು ಚೌಕಗಳಾಗಿ ಕತ್ತರಿಸುತ್ತದೆ. ಒಂದು ಚೌಕಕ್ಕೆ ಒಂದೇ ಬಿಸಿ, ಒಂದೇ ತೇವ, ಒಂದೇ ಗಾಳಿ. ಕೆಳಗಿಂದ ಮೇಲಕ್ಕೆ 45 ಅಂತಸ್ತು. ಸಮಯವನ್ನೂ ಕತ್ತರಿಸಬೇಕು. ಚೌಕ ಎಷ್ಟು ಕಿಲೋಮೀಟರೋ ಅದರ ಆರರಷ್ಟು ಸೆಕೆಂಡು, ಹೆಜ್ಜೆ ಅದಕ್ಕಿಂತ ದೊಡ್ಡದಿರಬಾರದು ಅನ್ನುವುದು ರೂಢಿಯ ಲೆಕ್ಕ. ಒಂಬತ್ತು ಕಿಲೋಮೀಟರ್ ಚೌಕಕ್ಕೆ 54 ಸೆಕೆಂಡು.

ಮೊದಲಿಗೆ ಒಂದೇ ಜಾಲ: ಒಂಬತ್ತು ಕಿಲೋಮೀಟರಿನದು. ಲಕ್ಷದ್ವೀಪದ ಕೆಳಗಿನಿಂದ ಗುಜರಾತಿನ ಮೇಲಿನವರೆಗೆ. ಶುರು ಮೇ 14ರ ಬೆಳಿಗ್ಗೆ 5:30, ಮುಗಿಯುವುದು ಮೇ 18ರ ಬೆಳಿಗ್ಗೆ 5:30. ಒಟ್ಟು 96 ಗಂಟೆ. ಶುರುವಿನ ಹೊತ್ತನ್ನು ಬೇಕೆಂದೇ ಹಾಗೆ ಆರಿಸಿದೆ. ಮೇ 14ರ ಬೆಳಿಗ್ಗೆ ಅದು ಲಕ್ಷದ್ವೀಪದ ಬಳಿ ಇನ್ನೂ ಬರೀ ವಾಯುಭಾರ ಕುಸಿತವಾಗಿತ್ತು. ಆ ರಾತ್ರಿಯೇ ಚಂಡಮಾರುತವಾಗಿ ಬಲಿತು ಹೆಸರು ಪಡೆಯಿತು. ಹೆಸರು ಮ್ಯಾನ್ಮಾರ್ ಕೊಟ್ಟದ್ದು, ಜೋರಾಗಿ ಲೊಚಗುಟ್ಟುವ ಒಂದು ಜಾತಿಯ ಹಲ್ಲಿ ಅಂತ ಅರ್ಥ. 'ತೌ-ತೇ' ಅನ್ನಬೇಕಂತೆ, ನಮ್ಮ ಪತ್ರಿಕೆಗಳಲ್ಲಿ ತೌಕ್ತೆ ಆಯಿತು. ಶುರುವಾದ ಮೇಲಿನ ಚಂಡಮಾರುತವನ್ನು ಓಡಿಸುವುದಕ್ಕಿಂತ, ಅದು ಹುಟ್ಟಿ ಬಲಿಯುವುದು ನನ್ನ ಮಾಡೆಲಿನೊಳಗೇ ಆಗಬೇಕು ಅನ್ನುವುದು ಹಟ.

ಶುರುವಿನ ಸ್ಥಿತಿ ಮತ್ತು ಅಂಚಿನ ಸ್ಥಿತಿ (ಜಾಲದ ಹೊರಗಿನಿಂದ ಒಳಬರುವ ಗಾಳಿ, ಬಿಸಿ, ತೇವ) ಅಮೆರಿಕದ ಜಿಎಫ್‌ಎಸ್ ಎಂಬ ಜಾಗತಿಕ ಮಾಡೆಲಿನ ಸಂಗ್ರಹದಿಂದ. ಅದರ ದತ್ತಾಂಶ ಕಾಲು ಡಿಗ್ರಿಗೆ ಒಂದು ಬಿಂದು, ಅಂದರೆ ಸುಮಾರು 27 ಕಿಲೋಮೀಟರಿಗೆ ಒಂದು. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ನನಗೆ ಇದೇ ಮುಳುವಾಯಿತು.

ಜಿಯೋಗ್ರಿಡ್ ಎಂಬ ಸಣ್ಣ ಪ್ರೋಗ್ರಾಂ ನೆಲದ ಎತ್ತರ, ಕಾಡು, ಊರು, ನೀರು ಎಲ್ಲವನ್ನೂ ಚೌಕಗಳಿಗೆ ಹಂಚುತ್ತದೆ. ಹಂಚಿದ ಮೇಲೆ ಮೊದಲು ನೋಡಿದ್ದು ನಮ್ಮ ಮನೆ. ಮರವಂತೆ ಗೊತ್ತಲ್ವಾ? ಹೆದ್ದಾರಿ 66ರ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಒಂದು ಪಟ್ಟಿ ನೆಲ. ಒಂಬತ್ತು ಕಿಲೋಮೀಟರಿನ ಚೌಕದಲ್ಲಿ ಯಾವುದು ಜಾಸ್ತಿ ಇದೆಯೋ ಅದೇ ಗೆಲ್ಲುತ್ತದೆ. ನಮ್ಮ ಚೌಕದಲ್ಲಿ ಗೆದ್ದದ್ದು ನೀರು. ವರ್ಗ ಸಂಖ್ಯೆ 17.

ಮಾವನಿಗೆ ಹೇಳಿದೆ. "ಹಂಗಾರೆ ನಮ್ ಮನಿ ನೀರಂಗೆ ಇತ್ತಾ?" ಅಂದರು. ಹೌದು ಮಾವ, ಸದ್ಯಕ್ಕೆ ನೀರಲ್ಲೇ ಇದೆ.

ಎತ್ತರದ ನಕ್ಷೆಯೂ ಹಾಗೆಯೇ. 1343 ಮೀಟರಿನ ಕೊಡಚಾದ್ರಿ ಸುತ್ತಲಿನ ಕಣಿವೆಗಳ ಜೊತೆ ಸರಾಸರಿಯಾಗಿ ಏಳುನೂರು ಮೀಟರಿನ ಆಸುಪಾಸಿಗೆ ಇಳಿದಿತ್ತು. ಕಡಿದಾದ ಘಟ್ಟ ಒಂದು ನಿಧಾನದ ದಿಬ್ಬವಾಗಿತ್ತು. ಆವತ್ತು ಅದನ್ನು ನೋಡಿ ಸುಮ್ನೆ ಮುಂದೆ ಹೋದೆ.

ದಿನ 5: ಮೊದಲ ಬಿರುಗಾಳಿ

ಕೆಲಸದ ಸಾಲು ಹೀಗೆ: ಅನ್‌ಗ್ರಿಬ್ ದತ್ತಾಂಶ ಬಿಚ್ಚುತ್ತದೆ, ಮೆಟ್‌ಗ್ರಿಡ್ ಅದನ್ನು ನನ್ನ ಚೌಕಗಳ ಮೇಲೆ ಹರಡುತ್ತದೆ, ರಿಯಲ್ ಅದನ್ನು ಅಂತಸ್ತುಗಳಿಗೆ ಜೋಡಿಸುತ್ತದೆ, ಕೊನೆಗೆ ವರ್ಫ್ ಓಡುತ್ತದೆ.

ಮೊದಲ ಓಟ ಎರಡು ಸೆಕೆಂಡಿನಲ್ಲಿ ಸತ್ತಿತು. ಸೆಗ್ಮೆಂಟೇಶನ್ ಫಾಲ್ಟ್. ಗಾಬರಿ ಬೇಡ, ಇದಕ್ಕೆ ಬೇರೇನೂ ಕಾರಣ ಇರಲಿಲ್ಲ. ಸ್ಟ್ಯಾಕ್ ಎಂಬ ಮೆಮೊರಿಯ ಮಿತಿ ಚಿಕ್ಕದಿತ್ತು. ಯುಲಿಮಿಟ್ ಆಜ್ಞೆಯಿಂದ ಮಿತಿ ತೆಗೆದೆ, ಓಡಿತು. ಎಂಟು ಕೋರಿಗೆ ಎಂಟೇ ಪ್ರೊಸೆಸ್ ಕೊಡಿ. ಹದಿನಾರು ಥ್ರೆಡ್ ಇದೆ ಅಂತ ಹದಿನಾರು ಕೊಟ್ಟು ನೋಡಿದೆ, ನಿಧಾನವಾಯಿತು.

ಎರಡು ಗಂಟೆ ಚಿಲ್ಲರೆಯಲ್ಲಿ ನಾಲ್ಕು ದಿನ ಮುಗಿಯಿತು. ಒತ್ತಡದ ನಕ್ಷೆಗಳನ್ನು ಒಂದರ ಹಿಂದೆ ಒಂದು ಓಡಿಸಿದೆ. ಲಕ್ಷದ್ವೀಪದ ಬಳಿ ಒಂದು ಸಡಿಲ ಸುಳಿ. ಅದು ಗಟ್ಟಿಯಾಗುತ್ತಾ, ಕರಾವಳಿಗೆ ಸಮಾನಾಂತರವಾಗಿ ಉತ್ತರಕ್ಕೆ ಏರುತ್ತಾ, ಮೇ 17ರಂದು ಸೌರಾಷ್ಟ್ರದ ಕರೆಗೆ ಹೊಡೆಯಿತು. ನಿಜ ಹೇಳಬೇಕೆಂದರೆ ಆ ಕ್ಷಣ ಮೈ ಜುಂ ಅಂದಿತು. ನಾನು ಬಿರುಗಾಳಿಯನ್ನು ಎಲ್ಲೂ ಬರೆದಿರಲಿಲ್ಲ. ಬಿಸಿ ಕಡಲು, ತೇವದ ಗಾಳಿ, ತಿರುಗುವ ಭೂಮಿ, ಇಷ್ಟೇ ಕೊಟ್ಟಿದ್ದು. ಆವಿ ಮೇಲೇರಿ ಹನಿಯಾಗುವಾಗ ಬಿಡುವ ಬಿಸಿಯೇ ಸುಳಿಯನ್ನು ಎಳೆದು ಗಟ್ಟಿ ಮಾಡಿತು. ಚಂಡಮಾರುತಕ್ಕೆ ಕಡಲ ಮೇಲ್ಮೈ ಸುಮಾರು 26.5 ಡಿಗ್ರಿ ಸೆಲ್ಸಿಯಸ್ಸಾದರೂ ಇರಬೇಕು. ಆ ಮೇ ತಿಂಗಳಲ್ಲಿ ಅರಬ್ಬಿ ಕಡಲು 30 ದಾಟಿತ್ತು.

ಈಗ ಲೆಕ್ಕ. ನಮ್ಮ ಹವಾಮಾನ ಇಲಾಖೆಯ ಪ್ರಕಾರ ತೌಕ್ತೆ ಮೇ 17ರ ರಾತ್ರಿ 8ರಿಂದ 11ರ ನಡುವೆ ದೀವ್‌ನ ಈಶಾನ್ಯಕ್ಕೆ ನೆಲ ಮುಟ್ಟಿತು. ಗಾಳಿ ಗಂಟೆಗೆ 160-170 ಕಿ.ಮೀ., ಬೀಸುಗಳು 185ರವರೆಗೆ. ಅದಕ್ಕೂ ಮುಂಚೆ ಕಡಲಲ್ಲಿ ಕೇಂದ್ರದ ಒತ್ತಡ 950 ಹೆಕ್ಟೋಪಾಸ್ಕಲ್‌ಗೆ ಇಳಿದಿತ್ತು. ನನ್ನದು ಸಂಜೆ ಐದಕ್ಕೇ ನೆಲ ಮುಟ್ಟಿತು, ಜಾಗ ಅರವತ್ತು ಕಿಲೋಮೀಟರ್ ಪಶ್ಚಿಮಕ್ಕೆ ತಪ್ಪಿತು. ಒತ್ತಡ ಇಳಿದಷ್ಟೂ ಚಂಡಮಾರುತಕ್ಕೆ ಬಲ ಜಾಸ್ತಿ, ನನ್ನದು 971ಕ್ಕಿಂತ ಕೆಳಗೆ ಹೋಗಲೇ ಇಲ್ಲ.

ದಾರಿ ಪರವಾಗಿಲ್ಲ, ಬಲ ಸಾಲದು. ಇದು ಎಲ್ಲರಿಗೂ ಆಗುವ ಅನುಭವ. ದಾರಿಯನ್ನು ತೀರ್ಮಾನಿಸುವುದು ಸುತ್ತಲಿನ ದೊಡ್ಡ ಗಾಳಿ, ಅದನ್ನು ಜಿಎಫ್‌ಎಸ್ ಅಂಚಿನಿಂದ ಆರಾರು ಗಂಟೆಗೆ ತುಂಬಿಕೊಡುತ್ತಿದೆ. ನನ್ನದು ಮುನ್ಸೂಚನೆ ಅಲ್ಲ, ಉತ್ತರ ಪಕ್ಕದಲ್ಲಿಟ್ಟುಕೊಂಡು ಬರೆದ ಪರೀಕ್ಷೆ. ಬಲ ಹುಟ್ಟುವುದು ಕೇಂದ್ರದ ಸುತ್ತಲಿನ ಕೆಲವೇ ಹತ್ತು ಕಿಲೋಮೀಟರಿನಲ್ಲಿ. ಒಂಬತ್ತು ಕಿಲೋಮೀಟರ್ ಚೌಕಕ್ಕೆ ಅಲ್ಲಿ ಕಣ್ಣಿನ ಸುತ್ತ ಏಳುವ ಮೋಡದ ಗೋಡೆ ಸರಿಯಾಗಿ ಕಾಣುವುದೇ ಇಲ್ಲ.

ದಿನ 6: ಮಳೆ ಎಲ್ಲಿ ಹೋಯಿತು?

ನಾಡದ ಚೌಕದಲ್ಲಿ 24 ಗಂಟೆಯ ಮಳೆ: 38 ಮಿ.ಮೀ.

385ರ ಜಾಗದಲ್ಲಿ 38. ಸೊನ್ನೆ ಎಲ್ಲೋ ತಪ್ಪಿತಾ ಅಂತ ಮೊದಲು ಅನುಮಾನ ಬಂತು. ತಪ್ಪಿದ್ದು ಸೊನ್ನೆ ಅಲ್ಲ, ನಾನು. ವರ್ಫ್ ಮಳೆಯನ್ನು ಎರಡು ಖಾತೆಯಲ್ಲಿ ಬರೆಯುತ್ತದೆ. ಚೌಕದ ಕಣ್ಣಿಗೆ ಕಾಣುವ ಮೋಡಗಳ ಮಳೆ ಒಂದು ಖಾತೆ. ಚೌಕಕ್ಕಿಂತ ಚಿಕ್ಕ ಮೋಡಗಳ ಮಳೆ, ಅಂದಾಜು ಲೆಕ್ಕದಿಂದ ಬಂದದ್ದು, ಇನ್ನೊಂದು ಖಾತೆ. ಎರಡನ್ನೂ ಕೂಡಬೇಕು. ನಾನು ಮೊದಲನೆಯದನ್ನು ಮಾತ್ರ ತೆಗೆದಿದ್ದೆ. ಕೂಡಿದಾಗ 112 ಆಯಿತು.

ಇನ್ನೊಂದು ತಪ್ಪೂ ಸಿಕ್ಕಿತು. ನಮ್ಮಲ್ಲಿ ಮಳೆಯ ದಿನ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗೆ. ಮಾಡೆಲಿನ ಗಡಿಯಾರ ಗ್ರೀನಿಚ್‌ನದು, ನಮಗಿಂತ ಐದೂವರೆ ಗಂಟೆ ಹಿಂದೆ. ನಾನು ಮಾಡೆಲಿನ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಕಳೆದಿದ್ದೆ, ಅಂದರೆ ನಮ್ಮ 5:30ರಿಂದ 5:30. ಮೂರು ಗಂಟೆ ಸರಿಸಿದೆ. 121.

ಇಲ್ಲಿಗೆ ನನ್ನ ಸಣ್ಣ ತಪ್ಪುಗಳ ಸಾಲ ತೀರಿತು ಅಂದುಕೊಂಡೆ. ದೊಡ್ಡದು ಇನ್ನೂ ಉಳಿದಿತ್ತು.

ದಿನ 7ರಿಂದ 9: ಕರೆಯುದ್ದಕ್ಕೂ ಒಂದು ನೀಲಿ ಗೆರೆ

ನೆಲಮಟ್ಟದ ಬಿಸಿಯ ನಕ್ಷೆಯನ್ನು ಯಾಕೋ ಸುಮ್ನೆ ತೆಗೆದು ನೋಡಿದೆ. ಕಾಸರಗೋಡಿನಿಂದ ಕಾರವಾರದವರೆಗೆ ಕಡಲ ಅಂಚಿಗೆ ಅಂಟಿಕೊಂಡಂತೆ ಒಂದು ನೀಲಿ ಪಟ್ಟಿ. ತಂಪು. ಬೆಳಿಗ್ಗೆಯೂ ಇದೆ, ಮಧ್ಯಾಹ್ನವೂ ಇದೆ, ನಾಲ್ಕನೇ ದಿನವೂ ಅಲ್ಲೇ ಇದೆ. ನಿಜವಾದ ತಂಪಾಗಿದ್ದರೆ ಕದಲಬೇಕಿತ್ತು.

ಕಡಲ ಮೇಲ್ಮೈ ಬಿಸಿಯನ್ನು ಬಿಚ್ಚಿ ನೋಡಿದೆ. ಆಳ ಕಡಲಿನಲ್ಲಿ 30.5ರಿಂದ 31 ಡಿಗ್ರಿ. ದಡದ ಎರಡು-ಮೂರು ಚೌಕಗಳಲ್ಲಿ 27, 28. ಕೆಲವು ಕಡೆ 26ರ ಹತ್ತಿರ. ಮೇ ತಿಂಗಳ ಮಲ್ಪೆಯಲ್ಲಿ ಕಾಲಿಟ್ಟವರಿಗೆ ಗೊತ್ತು, ಆ ನೀರು ಅಷ್ಟು ತಂಪಿರುವುದಿಲ್ಲ.

ಒಂದೂವರೆ ದಿನ ಹುಡುಕಿದೆ. ಕಾರಣ ಹೀಗಿತ್ತು. ಜಿಎಫ್‌ಎಸ್ ಕೊಡುವ 'ಮೇಲ್ಮೈ ಬಿಸಿ' ಒಂದೇ ಹಾಳೆ. ನೆಲದ ಮೇಲೆ ನೆಲದ ಬಿಸಿ, ನೀರಿನ ಮೇಲೆ ನೀರಿನ ಬಿಸಿ. ಯಾವ ಬಿಂದು ನೆಲ, ಯಾವುದು ನೀರು ಅಂತ ಹೇಳುವ ಇನ್ನೊಂದು ಹಾಳೆ ಜೊತೆಗೇ ಬರುತ್ತದೆ. ಮೆಟ್‌ಗ್ರಿಡ್ ಈ ಎರಡನೇ ಹಾಳೆ ನೋಡಿಕೊಂಡು ನೆಲದ ಚೌಕಕ್ಕೆ ನೆಲದ ಬಿಂದುಗಳಿಂದ, ನೀರಿನ ಚೌಕಕ್ಕೆ ನೀರಿನ ಬಿಂದುಗಳಿಂದ ಮಾತ್ರ ಬಿಸಿ ತೆಗೆದುಕೊಳ್ಳಬೇಕು. ಆದರೆ ಅನ್‌ಗ್ರಿಬ್‌ಗೆ ಯಾವ ಯಾವ ಹಾಳೆ ಬಿಚ್ಚಬೇಕು ಅಂತ ಹೇಳುವ ಪಟ್ಟಿಯನ್ನು ನಾನು ಯಾವುದೋ ಹಳೆಯ ಪಾಠದ ಫೋಲ್ಡರಿನಿಂದ ನಕಲು ಮಾಡಿದ್ದೆ. ಅದರಲ್ಲಿ ನೆಲ-ನೀರಿನ ಹಾಳೆಯ ಸಾಲು ನನ್ನ ದತ್ತಾಂಶಕ್ಕೆ ಹೊಂದುತ್ತಿರಲಿಲ್ಲ. ಹಾಳೆ ಬರಲೇ ಇಲ್ಲ. ಹಾಳೆ ಇಲ್ಲದೆ ಮೆಟ್‌ಗ್ರಿಡ್ ಎಲ್ಲವನ್ನೂ ಕಲಸಿತು.

ಕಲಸಿದ್ದು ಎಷ್ಟು ಹೊತ್ತಿನ ಬಿಸಿಯನ್ನು? ಬೆಳಗಿನ 5:30ರದ್ದು. ರಾತ್ರಿಯಿಡೀ ಆರಿದ ನೆಲ. ಜೊತೆಗೆ 27 ಕಿಲೋಮೀಟರಿಗೆ ಒಂದು ಬಿಂದು ಅಂದರೆ ದಡದ ಪಕ್ಕದ ಬಿಂದುವೇ ಘಟ್ಟದ ಬುಡದಲ್ಲಿರುತ್ತದೆ. ಘಟ್ಟದ ಬೆಳಗಿನ ಚಳಿಯನ್ನು ಮಾಡೆಲ್ ತಂದು ಕಡಲಿಗೆ ಸುರಿದಿತ್ತು. ಕಡಲ ಬಿಸಿಯನ್ನು ಓಟದ ನಡುವೆ ಬದಲಿಸುವ ಆಯ್ಕೆಯನ್ನು ನಾನು ಹಾಕಿರಲಿಲ್ಲ. ಹಾಗಾಗಿ ಮೊದಲ ಬೆಳಗಿನ ಚಳಿ ನಾಲ್ಕು ದಿನವೂ ಹಾಗೇ ನಿಂತಿತು.

ಮೆಟ್‌ಗ್ರಿಡ್‌ನ ಲಾಗ್‌ನಲ್ಲಿ ಎಚ್ಚರಿಕೆಯ ಸಾಲು ಇತ್ತು. ನಾನು ಓದಿರಲಿಲ್ಲ. ಕೊನೆಯಲ್ಲಿ 'ಯಶಸ್ವಿಯಾಗಿ ಮುಗಿಯಿತು' ಅಂತ ಬಂದರೆ ಮೇಲಿನದ್ದನ್ನು ಯಾರು ಓದುತ್ತಾರೆ, ಅಲ್ವಾ?

ರಿಪೇರಿ ಮೂರು ಹೆಜ್ಜೆ. ಸರಿಯಾದ ಪಟ್ಟಿ ಹಾಕಿ ಅನ್‌ಗ್ರಿಬ್ ಮತ್ತೆ ಓಡಿಸಿದೆ, ನೆಲ-ನೀರಿನ ಹಾಳೆ ಬಂತು. ಕಡಲ ಬಿಸಿಗೆ ಬೇರೆಯೇ ದತ್ತಾಂಶ ತಂದೆ. ಅದರಲ್ಲಿ ನೆಲದ ಜಾಗ ಖಾಲಿ ಇರುತ್ತದೆ, ಹಾಗಾಗಿ ಮೆಟ್‌ಗ್ರಿಡ್‌ನ ಕೋಷ್ಟಕದಲ್ಲಿ 'ಅಕ್ಕಪಕ್ಕ ಸಿಗದಿದ್ದರೆ ಹತ್ತಿರದ ನೀರಿನ ಬಿಂದುವನ್ನು ಹುಡುಕು' ಅನ್ನುವ ಆಯ್ಕೆಯನ್ನು ಕೊನೆಗೆ ಸೇರಿಸಿದೆ. ಮೂರನೆಯದು, ಆರು ಗಂಟೆಗೊಮ್ಮೆ ಕಡಲ ಬಿಸಿ ಬದಲಾಗುವ ಆಯ್ಕೆಯನ್ನು ನೇಮ್‌ಲಿಸ್ಟ್‌ನಲ್ಲಿ (ಮಾಡೆಲಿನ ಆಯ್ಕೆಗಳನ್ನು ಬರೆದಿಡುವ ಕಡತ) ಚಾಲೂ ಮಾಡಿದೆ.

ನೀಲಿ ಗೆರೆ ಮಾಯ. ದಡದವರೆಗೂ ಒಂದೇ ಬಿಸಿ.

ಭಾರಿ ಹೆಮ್ಮೆಯಿಂದ ಮಳೆ ನೋಡಿದೆ. 121 ಇದ್ದದ್ದು 143 ಆಗಿತ್ತು. ಅಷ್ಟೇ. ಮೂರು ದಿನದ ಪತ್ತೇದಾರಿಕೆಗೆ 22 ಮಿಲಿಮೀಟರ್. ಒತ್ತಡವಂತೂ ಕದಲಲೇ ಇಲ್ಲ, ಕೇಂದ್ರ ಆ ಪಟ್ಟಿಯಿಂದ ಅಷ್ಟು ದೂರ ಇದ್ದಾಗ ಕದಲುವುದಕ್ಕೆ ಕಾರಣವೂ ಇಲ್ಲ. ಸ್ವಲ್ಪ ಮುಖ ಸಪ್ಪಗಾಯಿತು.

ದಿನ 10ರಿಂದ 16: ಮೂರು ಕಿಲೋಮೀಟರ್

ಹಾಗಾದರೆ ಉಳಿದ ಮಳೆ ಎಲ್ಲಿದೆ? ಆಗ ನಾಲ್ಕನೇ ದಿನ ನೋಡಿ ಬಿಟ್ಟ ಏಳುನೂರು ಮೀಟರಿನ ಕೊಡಚಾದ್ರಿ ನೆನಪಾಯಿತು.

ನಮ್ಮ ಕಡೆ ಚಂಡಮಾರುತಗಳು ಅಪ್ರದಕ್ಷಿಣವಾಗಿ ತಿರುಗುತ್ತವೆ. ಮೇ 15ರ ಮಧ್ಯಾಹ್ನದ ನಂತರ ತೌಕ್ತೆ ಕುಂದಾಪುರಕ್ಕಿಂತ ಉತ್ತರಕ್ಕೆ ಸರಿಯಿತು. ಆಗ ನಮ್ಮ ಕರೆ ಅದರ ಆಗ್ನೇಯ ಮಗ್ಗುಲಿಗೆ ಬಂತು. ಅಲ್ಲಿ ಗಾಳಿ ನೈಋತ್ಯದಿಂದ, ಪಶ್ಚಿಮದಿಂದ, ಅಂದರೆ ನೇರ ಕಡಲಿನಿಂದ ದಡಕ್ಕೆ. ಇನ್ನೂರು ಕಿಲೋಮೀಟರ್ ಬಿಸಿ ಕಡಲಿನ ಮೇಲೆ ನೀರು ಕುಡಿದು ಬಂದ ಗಾಳಿ ಘಟ್ಟಕ್ಕೆ ಹೊಡೆದು ಮೇಲೇರುತ್ತದೆ, ತಣಿಯುತ್ತದೆ, ಸುರಿಯುತ್ತದೆ. ಘಟ್ಟವೇ ದಿಬ್ಬವಾಗಿದ್ದರೆ ಏರುವುದೆಲ್ಲಿಂದ?

ಒಂಬತ್ತರ ಜಾಲದೊಳಗೆ ಮೂರು ಕಿಲೋಮೀಟರಿನ ಇನ್ನೊಂದು ಜಾಲ ಕೂರಿಸಿದೆ. ಒಳಜಾಲದ ಬಿಂದುಗಳಿಗೆ ಒಂದು ನಿಯಮ ಇದೆ: ಒಂದು ಕಳೆದರೆ ಮೂರರಿಂದ ಭಾಗ ಹೋಗಬೇಕು. ನಾನು 390 ಅಂತ ಕೊಟ್ಟು ಬೈಸಿಕೊಂಡೆ. 394 ಕೊಟ್ಟೆ, ಒಪ್ಪಿತು. ಮೂರು ಕಿಲೋಮೀಟರಿನಲ್ಲಿ ದೊಡ್ಡ ಮೋಡಗಳು ಚೌಕಕ್ಕೆ ತಾವಾಗಿಯೇ ಕಾಣುತ್ತವೆ. ಹಾಗಾಗಿ ಸಣ್ಣ ಮೋಡಗಳ ಅಂದಾಜು ಲೆಕ್ಕವನ್ನು ಒಳಜಾಲದಲ್ಲಿ ನಿಲ್ಲಿಸಿದೆ.

ಆಮೇಲೆ ಶುರುವಾಯಿತು ನೋಡಿ ಗೋಳು. ಮೊದಲ ಓಟ ಹನ್ನೊಂದನೇ ಗಂಟೆಗೆ ಸಿಎಫ್‌ಎಲ್ ದೋಷ ಅಂತ ಬಿತ್ತು. ಗಾಳಿ ಒಂದು ಹೆಜ್ಜೆಯಲ್ಲಿ ಚೌಕವನ್ನೇ ಹಾರಿ ದಾಟಿದರೆ ಲೆಕ್ಕ ಹರಿದುಹೋಗುತ್ತದೆ. ಯಾವ ಚೌಕ ಅಂತ ಲಾಗ್ ಹೇಳುತ್ತದೆ (ಈ ಸಲ ಓದಿದೆ). ವಯನಾಡಿನ ಬೆಟ್ಟ. ನನ್ನ ಒಳಜಾಲದ ಪೂರ್ವದ ಅಂಚು ಸರಿಯಾಗಿ ಬೆಟ್ಟದ ನೆತ್ತಿಯ ಮೇಲೆ ಹಾದುಹೋಗಿತ್ತು. ಒಳಗಿನ ಬೆಟ್ಟ ಚೂಪು, ಹೊರಗಿನ ಬೆಟ್ಟ ಮೊಂಡು, ನಡುವೆ ಗಾಳಿ ಎಡವುತ್ತಿತ್ತು. ಅಂಚನ್ನು ಘಟ್ಟ ದಾಟಿಸಿ ಪೂರ್ವದ ಬಯಲಿಗೆ ತಂದೆ. ಸಮಯದ ಹೆಜ್ಜೆಯನ್ನು 54ರಿಂದ 45 ಸೆಕೆಂಡಿಗೆ ಇಳಿಸಿದೆ, ಒಳಜಾಲಕ್ಕೆ 15. ಸರಿಯಾಯಿತು.

ಎರಡನೇ ಓಟ ನಡುರಾತ್ರಿ ಡಿಸ್ಕ್ ತುಂಬಿ ಸತ್ತಿತು. ಗಂಟೆಗೊಂದು ಕಡತ, ಒಂದೊಂದೂ ಮುಕ್ಕಾಲು ಜಿಬಿ. ಹಳೆಯ ಓಟಗಳನ್ನು ಅಳಿಸಿರಲಿಲ್ಲ. ಮೂರನೇ ಓಟಕ್ಕೆ ಕರೆಂಟ್ ಹೋಯಿತು, ಯುಪಿಎಸ್ ಇಪ್ಪತ್ತು ನಿಮಿಷ ಎಳೆದು ಕೈಬಿಟ್ಟಿತು. ಇಪ್ಪತ್ತೆರಡು ಗಂಟೆಯ ಓಟದಲ್ಲಿ ಹದಿನೆಂಟು ಗಂಟೆ ಮುಗಿದಿತ್ತು. ಆವತ್ತೇ ನೇಮ್‌ಲಿಸ್ಟ್‌ನಲ್ಲಿ ಮರುಚಾಲನೆಯ ಕಡತವನ್ನು ಮಾಡೆಲಿನ ಪ್ರತಿ ಹನ್ನೆರಡು ಗಂಟೆಗೆ ಬರೆಯುವಂತೆ ಹಾಕಿದೆ. ನೀವು ಮೊದಲ ದಿನವೇ ಹಾಕಿಕೊಳ್ಳಿ.

ಓಟಗಳ ನಡುವೆ ಇನ್ನೊಂದು ಆಯ್ಕೆ ಬದಲಿಸಿದೆ. ಗಾಳಿ ಹೆಚ್ಚಿದಂತೆ ಅಲೆ ಏಳುತ್ತದೆ, ಕಡಲು ಒರಟಾಗುತ್ತದೆ, ಗಾಳಿಯನ್ನು ಹಿಡಿದು ನಿಧಾನಿಸುತ್ತದೆ. ಆದರೆ ಸೆಕೆಂಡಿಗೆ ಮೂವತ್ತು ಮೀಟರ್ ದಾಟಿದ ಮೇಲೆ ಈ ಹಿಡಿತ ಇನ್ನೂ ಏರುತ್ತಾ ಹೋಗುವುದಿಲ್ಲ. ನೊರೆ ಮತ್ತು ತುಂತುರು ಮೇಲ್ಮೈಯನ್ನು ಮುಚ್ಚಿ ನುಣುಪು ಮಾಡುತ್ತವೆ. ವರ್ಫ್‌ನಲ್ಲಿ ಚಂಡಮಾರುತಕ್ಕೆಂದೇ ಇದನ್ನು ಲೆಕ್ಕಕ್ಕೆ ಹಿಡಿಯುವ ಆಯ್ಕೆ ಇದೆ, ಆದರೆ ತಾನಾಗಿ ಚಾಲೂ ಇರುವುದಿಲ್ಲ. ಹಾಕಿದೆ.

ನಾಲ್ಕನೇ ಓಟ ಪೂರ್ತಿ ಆಯಿತು. ಕೇಂದ್ರದ ಒತ್ತಡ 956. ನೆಲ ಮುಟ್ಟಿದ್ದು ನಿಜಕ್ಕಿಂತ ಮೂರು ಗಂಟೆ ಮುಂಚೆ, ಜಾಗದ ತಪ್ಪು 35 ಕಿಲೋಮೀಟರ್. ಕಣ್ಣು ಕಾಣುತ್ತಿತ್ತು, ದುಂಡಗೆ, ಸುತ್ತ ಮಳೆಯ ಗೋಡೆ.

ನಾಡ: 236 ಮಿ.ಮೀ.

ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ಪೂರ್ವಕ್ಕೆ, ಕೊಲ್ಲೂರಿನ ಕಡೆಯ ಘಟ್ಟದ ಬುಡದಲ್ಲಿ, ಒಂದು ಚೌಕದಲ್ಲಿ 310 ಬಂದಿತ್ತು. ಮಳೆ ಇತ್ತು, ಜಾಗ ತಪ್ಪಿತ್ತು. ಮಾಪಕದ ಬಾಯಿ ಒಂದು ಅಂಗೈಗಿಂತ ಸ್ವಲ್ಪ ದೊಡ್ಡದು, ನನ್ನ ಚೌಕ ಒಂಬತ್ತು ಚದರ ಕಿಲೋಮೀಟರ್. ಎರಡನ್ನೂ ಪಕ್ಕ ಪಕ್ಕ ಇಟ್ಟು ಜಗಳ ಆಡುವುದರಲ್ಲಿ ಅರ್ಥ ಕಡಿಮೆ. ಆದರೂ 385ರ ಆಸೆ ಬಿಡಲಿಲ್ಲ.

ದಿನ 19: ಘಟ್ಟ ಬೋಳಿಸಿದ್ದು

ಘಟ್ಟದಿಂದಲೇ ಮಳೆ ಅಂತ ಹೇಳುವುದು ಸುಲಭ. ತೆಗೆದು ನೋಡಿದರೆ? ಜಿಯೋಗ್ರಿಡ್ ಬರೆದ ಕಡತವನ್ನು ಪೈಥಾನ್‌ನಲ್ಲಿ ತೆರೆದು, ಎತ್ತರದ ಹಾಳೆಯಲ್ಲಿ ನೂರು ಮೀಟರಿಗಿಂತ ಮೇಲಿದ್ದ ಪಶ್ಚಿಮ ಘಟ್ಟವನ್ನೆಲ್ಲ ನೂರಕ್ಕೆ ಇಳಿಸಿದೆ. ಕೊಡಚಾದ್ರಿ ಹೋಯಿತು, ಕುದುರೆಮುಖ ಹೋಯಿತು, ಆಗುಂಬೆ ಹೋಯಿತು. ಆರು ಸಾಲು ಕೋಡ್. ಅದನ್ನು ಬರೆಯುವಾಗ ಸ್ವಲ್ಪ ಪಾಪಪ್ರಜ್ಞೆ ಕಾಡಿತು ಅಂದರೆ ನಗಬೇಡಿ.

ಇಪ್ಪತ್ತೆರಡು ಗಂಟೆ ಕಾದೆ. ಚಂಡಮಾರುತದ ದಾರಿ ಹೆಚ್ಚುಕಡಿಮೆ ಹಾಗೇ ಇತ್ತು, ಬಲವೂ ಹಾಗೇ. ಕಡಲ ನಡುವೆ ಹೋಗುವವನಿಗೆ ಘಟ್ಟ ಇದ್ದರೇನು, ಬಿಟ್ಟರೇನು. ನಾಡದ ಮಳೆ ಮಾತ್ರ 236ರಿಂದ 94ಕ್ಕೆ ಬಿತ್ತು. ಮೋಡಗಳು ಕರೆ ದಾಟಿ, ನಿಲ್ಲದೆ, ಶಿವಮೊಗ್ಗದ ಕಡೆ ತೇಲಿಹೋದವು. ಗಾಳಿ ದಡ ಮುಟ್ಟುವಾಗ ನಿಧಾನಿಸುವುದರಿಂದ ಬಂದ ಮಳೆಯೇ ಆ 94 ಅಂತ ನನ್ನ ಲೆಕ್ಕ. ಉಳಿದದ್ದೆಲ್ಲ ಘಟ್ಟದ್ದು.

ಕುತೂಹಲಕ್ಕೆ ಹಳೆಯ ತಪ್ಪನ್ನೂ ಮತ್ತೆ ಮಾಡಿದೆ. ಘಟ್ಟ ವಾಪಸ್ ಇಟ್ಟು, ಕಡಲಂಚಿನ ತಂಪು ಪಟ್ಟಿಯನ್ನು ಬೇಕೆಂದೇ ಹಾಕಿ, ಮೂರು ಕಿಲೋಮೀಟರಿನಲ್ಲಿ ಓಡಿಸಿದೆ. 236 ಇದ್ದದ್ದು 171 ಆಯಿತು. ಒಂಬತ್ತು ಕಿಲೋಮೀಟರಿನಲ್ಲಿ 22 ಮಿಲಿಮೀಟರಿನ ಮಾತಾಗಿದ್ದ ಅದೇ ಪಟ್ಟಿ ಇಲ್ಲಿ 65 ಕದ್ದಿತ್ತು. ಕಡೆಯ ಇಪ್ಪತ್ತೈದು ಕಿಲೋಮೀಟರಿನಲ್ಲಿ ಗಾಳಿಯ ಕೆಳಪದರ ತಣಿದು, ಭಾರವಾಗಿ, ಘಟ್ಟ ಏರಲು ಸೋಮಾರಿತನ ಮಾಡುತ್ತದೆ. ಒಂಬತ್ತರ ಜಾಲದಲ್ಲಿ ಏರಲು ಘಟ್ಟವೇ ಇಲ್ಲದಾಗ ಆ ಸೋಮಾರಿತನ ನನಗೆ ಕಂಡಿರಲಿಲ್ಲ. ಆ ಮೂರು ದಿನ ದಂಡವಾಗಿರಲಿಲ್ಲ.

ದಿನ 24, ಸದ್ಯಕ್ಕೆ ಇಲ್ಲಿಗೆ

ಈಗ ಕುಂದಾಪುರದ ಸುತ್ತ ಮಾತ್ರ ಒಂದು ಕಿಲೋಮೀಟರಿನ ಪುಟ್ಟ ಜಾಲ ಹಾಕಿ, ಮೇ 15ರ ಬೆಳಿಗ್ಗೆಯಿಂದ 16ರ ಬೆಳಿಗ್ಗೆಯವರೆಗೆ ಓಡಿಸುತ್ತಿದ್ದೇನೆ. ಸಮಯದ ಹೆಜ್ಜೆ ಐದು ಸೆಕೆಂಡು. ಫ್ಯಾನ್ ಸದ್ದಿಗೆ ಪಕ್ಕದ ಮನೆಯವರು ಏನು ಮಿಕ್ಸಿಯಾ ಅಂತ ಕೇಳಿದರು. ವಿದ್ಯುತ್ ಬಿಲ್ಲಿನ ವಿಷಯ ಮನೆಯಲ್ಲಿ ಇನ್ನೂ ಎತ್ತಿಲ್ಲ.

ನೆನ್ನೆ ಮಾವ ಫೋನ್ ಮಾಡಿದ್ದರು. ಜೂನ್ ಬಂತು, ದೋಣಿ ಮೇಲೆ ಎಳೆದಾಯಿತು, ಕೈಗೆ ಕೆಲಸ ಇಲ್ಲ. "ಮನಿ ಎಲ್ ಇತ್ತ್ ಈಗ?" ಅಂತ ಕೇಳಿದರು.

ಒಂದು ಕಿಲೋಮೀಟರಿನ ನಕ್ಷೆ ತೆರೆದು ನೋಡಿದೆ. ನಾಡ ನೆಲದ ಮೇಲಿದೆ. ತ್ರಾಸಿ ನೆಲದ ಮೇಲಿದೆ. ಗಂಗೊಳ್ಳಿಯೂ. ಮರವಂತೆಯಲ್ಲಿ ಕಡಲಿನ ಚೌಕದ ಪಕ್ಕದಲ್ಲಿ ನದಿಯ ಚೌಕ, ಎರಡರ ನಡುವೆ ಏನೂ ಇಲ್ಲ. ರಸ್ತೆ ಇಲ್ಲ, ತೆಂಗಿಲ್ಲ, ಮನೆ ಇಲ್ಲ.

"ಇನ್ನೂ ನೀರಲ್ಲೇ ಇದೆ ಮಾವ" ಅಂದೆ.